ಇಂಚಿಗೊಂದು ಗಂಟೆ

ಇಪ್ಪತ್ತೆರಡು ವರ್ಷ ಊರಿನವರ ಎದೆ, ಸೊಂಟ, ತೋಳು ಅಳೆದ ಈ ಕೈಗೆ ಭೂಮಿಯನ್ನು ಅಳೆಯುವುದು ಯಾವ ಮಹಾ ವಿದ್ಯೆ? ಹಾಗೆಂದು ಹೆಂಡತಿಯ ಮುಂದೆ ಘೋಷಿಸಿಯೇಬಿಟ್ಟೆ. ನಾನು ಟೈಲರ್.

ವಿಷಯ ಇಷ್ಟೇ. ನಮ್ಮ ಅತ್ತೆ ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿ, ಒಬ್ಬರೇ, ಸಮುದ್ರದಾಚೆಯಿಂದ ನಮ್ಮ ಮನೆಗೆ ಹೊರಟಿದ್ದರು. ಅವರಿಗೆ ಪುಕುಪುಕು. ವಿಮಾನ ನಿಲ್ದಾಣದ ಬಾಗಿಲು ದಾಟಿ ಹೊರಗೆ ಬಂದ ಕೂಡಲೇ ಮೊದಲು ಕಾಣುವುದು ನನ್ನ ಮುಖವೇ ಎಂದು ಹೆಂಡತಿ ಫೋನಿನಲ್ಲಿ ಮಾತು ಕೊಟ್ಟಿದ್ದಳು.

ವಿಮಾನ ನಮ್ಮ ಗಡಿಯಾರದ ಮಧ್ಯಾಹ್ನ ಮೂರಕ್ಕೆ ಇಳಿಯುತ್ತದೆಂದು ಟಿಕೆಟ್ಟಿನಲ್ಲಿ ಅಚ್ಚಾಗಿತ್ತು. ನನಗೆ ನಗು ಬಂತು. ಚೀಟಿಯ ಮೇಲಿನ ತಾರೀಖು ಗಿರಾಕಿಯ ಸಮಾಧಾನಕ್ಕೆ ಬರೆಯುವುದೆಂದು ಟೈಲರ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಗಳ ಭೂಪಟವನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ, ಆ ನಿಲ್ದಾಣದಿಂದ ಈ ನಿಲ್ದಾಣಕ್ಕೆ ಟೇಪು ಹಿಡಿದೆ. ಒಂದಿಂಚಿಗೆ ಎಂಟುನೂರು ಕಿಲೋಮೀಟರ್. ವಿಮಾನ ಗಂಟೆಗೆ ಓಡುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಇಂಚಿಗೊಂದು ಗಂಟೆ! ಸೀಮೆಸುಣ್ಣದಲ್ಲಿ ಹನ್ನೊಂದು ಎಂದು ಬರೆದು ಅಡಿಗೆರೆ ಎಳೆದೆ. ನಮ್ಮ ಬೆಳಗಿನ ಆರಕ್ಕೆ ಹೊರಟದ್ದು ಸಂಜೆ ಐದಕ್ಕೆ ಮೊದಲು ಇಳಿಯುವ ಮಾತೇ ಇಲ್ಲ.

"ರೀ, ಅವರಿಗೆ ಗೊತ್ತಿರಲ್ವಾ? ದಿನಾ ಓಡಿಸೋರು," ಎಂದಳು ಹೆಂಡತಿ.

"ಅವರು ಓಡಿಸ್ತಾರೆ ಕಣೇ. ಅಳೆಯೋದು ಬೇರೆ ವಿದ್ಯೆ."

ಅವಳು ಎರಡು ಗಂಟೆಗೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಕಾರಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು. ನಾನು ಎರಡು ಕಾಜ ಹೊಲಿದು, ಗುಂಡಿ ಹಾಕಿ, ಮೂರೂವರೆಗೆ ಗತ್ತಿನಿಂದ ಎದ್ದೆ. ನಾಲ್ಕೂವರೆಗೆ ನಿಲ್ದಾಣದಲ್ಲಿದ್ದೆವು. ಅರ್ಧ ಗಂಟೆ ಮುಂಚೆ ಬಂದ ಅಳಿಯ ಎಂಬ ಹೆಮ್ಮೆಯಿಂದ ತಲೆ ಎತ್ತಿ ಫಲಕ ನೋಡಿದೆ. ವಿಮಾನ ಮೂರಕ್ಕೇ ಇಳಿದಿತ್ತು.

ಹೆಂಡತಿ ನನ್ನ ಕಡೆ ತಿರುಗಿಯೂ ನೋಡದೆ ಓಡಿದಳು. ನಾನು ಜೇಬಿನ ಟೇಪು ಮುಟ್ಟಿ ನೋಡಿಕೊಂಡೆ. ಆಗ ಹೊಳೆಯಿತು. ಭೂಪಟದಲ್ಲಿ ಸಿಕ್ಕಿದ್ದು ಒಂಬತ್ತೇ ಇಂಚು. ಒಳಗೆ ಮಡಚಿ ಹೊಲಿಯಲು ಇರಲಿ ಎಂದು ನನ್ನ ಕೈ ತಾನಾಗಿ ಎರಡಿಂಚು ಸೇರಿಸಿ ಬರೆದಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನಾನು ಆಕಾಶಕ್ಕೂ ಹೊಲಿಗೆಯ ಅಂಚು ಬಿಟ್ಟಿದ್ದೆ!

ಅತ್ತೆ ಮೂಲೆಯ ಬೆಂಚಿನ ಮೇಲೆ, ಹಿಂದೊಮ್ಮೆ ನಾನೇ ಹೊಲಿದು ಕಳಿಸಿದ್ದ ಕೋಟಿನ ಗುಂಡಿಯನ್ನೆಲ್ಲ ಕುತ್ತಿಗೆತನಕ ಹಾಕಿಕೊಂಡು, ಚೀಲ ಅವುಚಿಕೊಂಡು ಕೂತಿದ್ದರು. ಹೆಂಡತಿ ಅವರನ್ನು ತಬ್ಬಿಕೊಂಡು ಅಳುತ್ತಿದ್ದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಟೇಪಿನ ಕತೆಯನ್ನೆಲ್ಲ ಒಪ್ಪಿಸಿ, ತಪ್ಪಾಯಿತು, ತುಂಬಾ ಹೆದರಿದಿರಾ ಎಂದು ಕೇಳಿದೆ.

"ಹೆದರಿಕೆ ಏನೂ ಆಗ್ಲಿಲ್ಲ ಅಳಿಯಂದಿರೇ," ಎಂದರು ಅತ್ತೆ, ಕೋಟಿನ ಕಾಲರು ಸರಿಮಾಡಿಕೊಳ್ಳುತ್ತ. "ಈ ಕೋಟು ನೀವು ಹೇಳಿದ ತಾರೀಖಿಗಿಂತ ಎಂಟು ತಿಂಗಳು ತಡವಾಗಿ ಬಂತು. ಇವತ್ತು ಬರೀ ಒಂದೂವರೆ ಗಂಟೆ. ತುಂಬಾ ಸುಧಾರಿಸಿದೀರಿ."