ನಾಲ್ಕು ಸ್ಕ್ರೂ ಉಳಿಸಿದವನು

ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು ಯಾರಿಗಾದರೂ ಕಷ್ಟ. ಆ ತಪ್ಪಿಗೆ ಬಹುಮಾನ ಬಂದಿದ್ದರಂತೂ ಇನ್ನೂ ಕಷ್ಟ. ನನಗೆ ಬಂದಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನ ಒಂದು ಮಿಕ್ಸಿ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿದ್ದೆ. ಪ್ಲಾಸ್ಟಿಕ್ಕನ್ನು ಪ್ಲಾಸ್ಟಿಕ್ಕಿಗೇ ಬೆಸೆಯುವ ಹೊಸ ಯಂತ್ರ ಬಂದಾಗ, ಮಿಕ್ಸಿಯ ತಳದ ನಾಲ್ಕು ಸ್ಕ್ರೂ ತೆಗೆದುಹಾಕಿ ತಳವನ್ನೇ ಬೆಸೆದುಬಿಡೋಣ ಎಂದು ಸೂಚಿಸಿದ ಮಹಾನುಭಾವ ನಾನೇ. ಖರ್ಚು ಇಳಿಯಿತು, ಕೆಲಸ ಬೇಗ ಸಾಗಿತು. ಸಾಹೇಬರು ನನಗೆ ಶಾಲು ಹೊದಿಸಿ, ಅದೇ ಮಾಡೆಲಿನ ಒಂದು ಮಿಕ್ಸಿ ಕೊಟ್ಟು, ಫೋಟೋ ತೆಗೆಸಿ, ಅದರ ಕೆಳಗೆ 'ನಾಲ್ಕು ಸ್ಕ್ರೂ ಉಳಿಸಿದವರು' ಎಂದು ಬರೆಸಿ ಆಫೀಸಿನ ಗೋಡೆಗೆ ಬಿಗಿಸಿದರು. ನನ್ನ ಮದುವೆಯ ದಿನವೂ ನಾನು ಅಷ್ಟು ನೀಟಾಗಿ ತಲೆ ಬಾಚಿರಲಿಲ್ಲ.

ಎರಡೇ ವರ್ಷಕ್ಕೆ ಬಹುಮಾನದ ಮಿಕ್ಸಿ ಸದ್ದಿಲ್ಲದೆ ಕೂತಿತು. ಸ್ಕೂಟರಿನಲ್ಲಿಟ್ಟುಕೊಂಡು ಕುವೆಂಪುನಗರದ ಮಾದಪ್ಪನವರ ರಿಪೇರಿ ಅಂಗಡಿಗೆ ಹೋದೆ. ನಮ್ಮ ಹಳೆಯ ಮಿಕ್ಸಿಯನ್ನು ಹದಿನೈದು ವರ್ಷ ಬದುಕಿಸಿದ ಕೈ ಅವರದು. ಸ್ಕ್ರೂಡ್ರೈವರ್ ಹಿಡಿದು, ಮಿಕ್ಸಿಯನ್ನು ತಲೆಕೆಳಗು ಮಾಡಿ, ಎಲ್ಲ ಕಡೆ ತಡವಿ ನೋಡಿದರು. ಮೂಲೆಯಲ್ಲಿ ಇಂಥವೇ ಹತ್ತಾರು ಬಿದ್ದಿದ್ದವು.

"ಮೋಟಾರಿನ ಕಾರ್ಬನ್ ಸವೆದಿರುತ್ತೆ ಸಾರ್, ಬದಲಾಯ್ಸೋದು ಐದು ನಿಮಿಷದ ಕೆಲಸ. ಆದ್ರೆ ಒಳಕ್ಕೆ ಹೆಂಗೆ ಹೋಗೋದು? ನೀವು ಫ್ಯಾಕ್ಟ್ರೀಲೇ ಇದೀರಲ್ಲ, ಇದನ್ನ ಮಾಡ್ದೋರಿಗೆ ಒಂದು ಮಾತು ಹೇಳ್ಬುಡಿ. ನಾಲ್ಕು ಸ್ಕ್ರೂ ಹಾಕ್ಲಿ ಸಾಕು, ನಾನು ಬದುಕ್ಕೋತೀನಿ."

ಹೇಳುತ್ತೇನೆ ಎಂದೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಹೇಳಿಯೂ ಹೇಳಿದೆ; ಆಸಾಮಿ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನಾಕೆ ಹಿತ್ತಿಲ ಒರಳುಕಲ್ಲು ತೊಳೆಯುತ್ತಿದ್ದಳು. ಇದಕ್ಕೂ ಸ್ಕ್ರೂ ಇಲ್ಲ ನೋಡು ಎಂದೆ. ಇದು ಕೆಡುವುದೂ ಇಲ್ಲ ಎಂದಳು.

ಆಮೇಲೆ ಮಾದಪ್ಪನವರು ಸಿಕ್ಕಾಗಲೆಲ್ಲ ಹೇಳಿದಿರಾ ಎಂದು ಕೇಳುವರು. ಯೋಚನೆ ಮಾಡುತ್ತಿದ್ದಾರಂತೆ ಎಂದು ನಾನು ಸುಳ್ಳು ಬಿಡುವೆ. ನಿಜ ಹೇಳಿದ್ದರೆ ಬೈದು, ಬೇರೆ ದಾರಿ ನೋಡಿಕೊಳ್ಳುತ್ತಿದ್ದರೇನೋ. ನನ್ನ ಮಾತು ನಂಬಿ ಇನ್ನೂ ಒಂದು ವರ್ಷ ಅಂಗಡಿ ಎಳೆದರು, ಹೆಂಡತಿಯ ಬಳೆ ಮಾರಿ. ಅದು ನನ್ನನ್ನು ಇಂದಿಗೂ ಸುಡುತ್ತದೆ. ಕೊನೆಗೆ ಬಾಗಿಲು ಹಾಕಿ, ನಮ್ಮ ಕಾರ್ಖಾನೆಯ ಗೇಟಿಗೇ ಕಾವಲಿಗೆ ಬಂದು ಸೇರಿದರು. ಮೋಟಾರಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವರು ದೊಗಳೆ ಖಾಕಿ ತೊಟ್ಟು ಲಾರಿ ನಂಬರು ಬರೆದುಕೊಳ್ಳುತ್ತಿದ್ದರು. ನಾನು ಬಂದರೆ ಸೆಲ್ಯೂಟು, ಅದರ ಹಿಂದೆಯೇ ಅದೇ ಪ್ರಶ್ನೆ.

ಆ ವರ್ಷದ ಆಯುಧಪೂಜೆಗೆ ಯಂತ್ರಗಳಿಗೆಲ್ಲ ಕುಂಕುಮ, ಸೇವಂತಿಗೆ. ಆಫೀಸಿನ ದೇವರ ಪಟಗಳಿಗೆ ಹಾರ ಹಾಕುವ ಕೆಲಸ ಮಾದಪ್ಪನವರಿಗೆ ಬಿತ್ತು. ನಾನು ಒಳಗೆ ಹೋದಾಗ ಅವರು ನನ್ನ ಫೋಟೋದ ಮುಂದೆ ಸ್ಟೂಲಿನ ಮೇಲೆ ನಿಂತು, ಕೆಳಗಿನ ಸಾಲನ್ನು ಓದುತ್ತಿದ್ದರು. ಬದುಕಿರುವವರ ಫೋಟೋಗೆ ಹಾರ ಹಾಕಬಾರದೆಂದು ಅವರಿಗೆ ತಿಳಿಯದೆ ಇಲ್ಲ. ಆದರೂ ನಿಧಾನವಾಗಿ ಹಾಕಿದರು, ಎರಡೂ ತುದಿ ಸಮ ಮಾಡಿದರು, ಇಳಿದು ನನ್ನತ್ತ ತಿರುಗಿದರು.

"ಇನ್ನು ಅವರಿಗೆ ಹೇಳೋದು ಬೇಡ ಬುಡಿ ಸಾರ್."

ಅಷ್ಟೇ ಹೇಳಿ ಹೊರಟುಹೋದರು. ಆ ಫೋಟೋವನ್ನೇ ಇಳಿಸಿಬಿಡೋಣವೆಂದು ನಾನು ಸ್ಟೂಲು ಹತ್ತಿದೆ. ನಾಲ್ಕೂ ಮೂಲೆಗೆ ಒಂದೊಂದು ಸ್ಕ್ರೂ ಬಿಗಿದಿದ್ದರು. ಬಿಚ್ಚಿಕೊಡುವವರು ಯಾರಿದ್ದಾರೆ ಎಂದು ನೋಡಿದೆ. ಇದ್ದ ಒಬ್ಬರು ಆಗಲೇ ಗೇಟಿಗೆ ಹೋಗಿ ನಿಂತಿದ್ದರು.