ಮುಖ ತೋರಿಸಬಾರದ ಹಾಡು

ನಮ್ಮ ಕಡೆ ಯಾರಾದರೂ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಬಂದರೆ ಮೊದಲು ಅನುಮಾನ ಬರುತ್ತದೆ, ಆಮೇಲೆ ಕಾಫಿ ಬರುತ್ತದೆ. ಮದುವೆಯ ಕ್ಯಾಮೆರಾ ಆದರೆ ಪರವಾಗಿಲ್ಲ, ಅದರ ಮುಂದೆ ಎಲ್ಲರೂ ಕೂದಲು ಸರಿಮಾಡಿಕೊಳ್ಳುತ್ತಾರೆ. ಮದುವೆಯಿಲ್ಲದೆ ಕ್ಯಾಮೆರಾ ಬಂತು ಅಂದರೆ ಏನೋ ನಡೆದಿದೆ ಅಂತಲೇ ಅರ್ಥ.

ನಾನಾಗ ತಮಿಳುನಾಡಿನ ಧರ್ಮಪುರಿಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅನುಮಾನದಲ್ಲಿ ನಾನೂ ಯಾರಿಗೂ ಕಡಿಮೆಯಲ್ಲ. ಹಾಲಿನವನು ಹಾಲು ಅಳೆಯುವಾಗ ನಾನು ಹಾಲು ನೋಡುವುದಿಲ್ಲ, ಅವನ ಹೆಬ್ಬೆರಳು ನೋಡುತ್ತೇನೆ. ಬಹುಶಃ ಅದಕ್ಕೇ, ಸೇಲಂನಲ್ಲಿ ಕಾಲೇಜುಗಳ ಹಾಡಿನ ವಿಡಿಯೋ ಸ್ಪರ್ಧೆ ಅಂತ ಗೊತ್ತಾದಾಗ ನಮ್ಮ ಹುಡುಗರನ್ನು ಕಾಯುವ ಕೆಲಸ ನನ್ನ ತಲೆಗೇ ಬಂತು. ವಿದ್ಯಾರ್ಥಿಗಳೇ ಹಾಡು ಕಟ್ಟಿ, ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸಿ, ಸಿ.ಡಿ. ಮಾಡಿ ಕಳಿಸಬೇಕಿತ್ತು.

ಆರು ಅಡಿ

ನಮ್ಮ ಪ್ರಿನ್ಸಿಪಾಲರು ತಮಿಳಿನವರು. ಅವರ ಮಾತನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ. ಅನುಮತಿ ಕೇಳಲು ಹೋದಾಗ ಅವರ ಮೊದಲ ಪ್ರಶ್ನೆ, "ಹಾಡಿನಲ್ಲಿ ಲವ್ ಇದೆಯಾ?"

"ಇಲ್ಲ ಸಾರ್," ಅಂದೆ. "ಒಂದು ಕುರಿಮರಿ ಕಳೆದುಹೋಗುತ್ತೆ. ಹುಡುಗಿ ಹಾಡ್ತಾ ಅದನ್ನ ಹುಡುಕ್ತಾಳೆ. ಅಷ್ಟೇ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕುರಿಮರಿ ಯಾರ ಜೊತೆ ಹೋಯ್ತು?"

ಒಂಟಿಯಾಗಿಯೇ ಹೋಯಿತು ಅಂತ ನಂಬಿಸಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಒಂದು ಷರತ್ತು ಹಾಕಿದರು. ಹುಡುಗರಿಗೂ ಹುಡುಗಿಯರಿಗೂ ನಡುವೆ ಆರು ಅಡಿ ಇರಬೇಕು, ಅದಕ್ಕೆ ನಾನು ಜವಾಬ್ದಾರಿ. ನಾನು ಫಿಸಿಕ್ಸ್ ಲ್ಯಾಬಿನಿಂದ ಮೀಟರ್ ಕೋಲು ತಂದು, ಕಾಲೇಜಿನ ಬೇವಿನ ಮರದ ಕೆಳಗೆ ಅಳೆದು ಅಳೆದು ನಿಲ್ಲಿಸಿದೆ. ಪರೀಕ್ಷೆಗೆಂದು ಅಲ್ಲಿ ತೆಗೆದ ಚಿತ್ರವನ್ನು ಮರುದಿನ ಪ್ರಿನ್ಸಿಪಾಲರಿಗೆ ಹಾಕಿ ತೋರಿಸಿದೆವು. ಅವರು ಕಣ್ಣು ಮಿಟುಕಿಸದೆ ಪೂರ್ತಿ ನೋಡಿದರು.

"ಹುಡುಗರೆಲ್ಲ ಸರಿಯಾದ ದೂರದಲ್ಲಿದಾರೆ," ಅಂದರು. "ಆದರೆ ಪ್ರತಿ ಸಲವೂ ಹುಡುಗಿಯರ ಪಕ್ಕದಲ್ಲಿ ಕೋಲು ಹಿಡಿದು ನೀವ್ಯಾಕೆ ನಿಂತಿದೀರಿ?"

ಆ ಕ್ಯಾಸೆಟ್ಟಿನ ಮೇಲೆಯೇ ಮುಂದಿನದನ್ನೆಲ್ಲ ತೆಗೆದು ಅದನ್ನು ಅಳಿಸಿದೆವು.

ಕೆಂಪು ಕುರಿ

ಹಾಡು ಬರೆದು ಹಾಡಿದ್ದು ಎರಡನೇ ವರ್ಷದ ಒಬ್ಬ ಹುಡುಗಿ. ಕಂಬೈನಲ್ಲೂರಿನ ಆಚೆ ಒಂದು ಹಳ್ಳಿಯವಳು. ಮನೆಯಲ್ಲಿ ಕನ್ನಡ, ಕುರಿ ಸಾಕುವ ವಂಶ. ಅವರ ಮನೆತನದಲ್ಲಿ ಹನ್ನೆರಡನೇ ಕ್ಲಾಸು ದಾಟಿದ ಮೊದಲ ಹೆಣ್ಣುಮಗಳು. "ಎಲ್ಲೋದೆ ಮರೀ ಎಲ್ಲೋದೆ, ಗುಡ್ಡ ಕೇಳ್ದೆ, ಹಳ್ಳ ಕೇಳ್ದೆ" ಅಂತ ಅವಳು ಮನೆಮಾತಿನಲ್ಲೇ ಕಟ್ಟಿದ್ದಳು. ಅವಳ ದನಿ ಕೇಳಿದರೆ ಕಳೆದುಹೋದ ಮರಿ ಇರಲಿ, ಸಿಕ್ಕಿದ ಮರಿಯೂ ಇನ್ನೊಂದು ಸಲ ಕಳೆದುಹೋಗೋಣ ಅನ್ನುವ ಹಾಗಿತ್ತು.

ಕುರಿಗಳು ಅವಳಪ್ಪನವೇ. ಒಪ್ಪಿಗೆ ಕೇಳಲು ಹುಡುಗಿಯನ್ನೂ, ಕ್ಯಾಮೆರಾ ಹಿಡಿಯುವ ವಿದ್ಯಾರ್ಥಿಯನ್ನೂ ಕರೆದುಕೊಂಡು ಹೋದೆ. ಅಪ್ಪ ಜಗಲಿಯ ಮೇಲೆ ಕೂತಿದ್ದರು.

"ವಾದ್ಯಾರೆ, ನಿಮ್ದೂ ನಮ್ಮ ಮಾತೇನಾ?" ಅಂತ ಕೇಳಿದರು. ಮೇಷ್ಟ್ರನ್ನು ಆ ಕಡೆ ಹಾಗೇ ಕರೆಯುತ್ತಾರೆ.

"ನಮ್ಮದು ಮೆಟ್ಟೂರು ಕಡೆ," ಅಂದೆ. ಅವರ ಮುಖ ಸ್ವಲ್ಪ ಸಡಿಲವಾಯಿತು. ಆ ಧೈರ್ಯದಲ್ಲಿ, ಮಾತಿಗೆ ಮಾತು ಅಂತ, "ಎಷ್ಟು ಕುರಿ ಇವೆ?" ಅಂದುಬಿಟ್ಟೆ.

ಮುಖ ಮತ್ತೆ ಬಿಗಿಯಾಯಿತು. "ಯಾಕೆ?"

"ಸುಮ್ನೆ ಕೇಳಿದೆ."

"ಸುಮ್ನೆ ಯಾರಾನ ಕೇಳ್ತಾರಾ?"

ಹುಡುಗಿ ನನ್ನ ಹಿಂದೆ ಬಂದು ಪಿಸುಗುಟ್ಟಿದಳು. "ಸಾರ್, ನಮ್ಮಲ್ಲಿ ಕುರಿ ಎಣ್ಸಂಗಿಲ್ಲ. ಎಣ್ಸಿದ್ರೆ ಕಮ್ಮಿ ಆಗ್ತಾವೆ ಅಂತಾರೆ. ಅಪ್ಪ ಮೊಗ ನೋಡೇ ಯಾವ್ದು ಬಂದಿಲ್ಲ ಅಂತ ಯೋಳ್ತಾರೆ."

ನಾನು ತಪ್ಪಾಯಿತು ಅಂದೆ. ಅಪ್ಪ ತೀರ್ಪು ಕೊಟ್ಟರು. "ದನಿ ಬರ್ಲಿ, ಬ್ಯಾಡ ಅನ್ನಲ್ಲ. ಕುರಿನೂ ಬರ್ಲಿ. ನನ್ ಮಗಳ ಮೊಗ ಮಾತ್ರ ಟಿವಿಯಾಗೆ ಕಾಣ್ಬಾರ್ದು. ಕಂಡ್ರೆ ಮಾರ್ನೆ ದಿನಕ್ಕೇ ಕಾಲೇಜ್ ನಿಂತೋಯ್ತು ಅಂದ್ಕಳಿ."

ಹುಡುಗಿ ತಲೆ ತಗ್ಗಿಸಿದಳು. ನಾನು ಮಾತು ಕೊಟ್ಟೆ. ಕೊಡುವಾಗಲೇ ನನಗೆ ನನ್ನ ಮೇಲೆಯೇ ಅನುಮಾನವಿತ್ತು.

ಮಾತು ಮುಗಿದ ಮೇಲೆ ಅಪ್ಪನಿಗೆ ಕ್ಯಾಮೆರಾದೊಳಗೆ ಇಣುಕುವ ಆಸೆಯಾಯಿತು. ಆಗಿನ ಆ ಕ್ಯಾಮೆರಾಗಳಲ್ಲಿ ಇಣುಕಿದರೆ ಎಲ್ಲ ಕಪ್ಪುಬಿಳುಪಾಗಿ ಕಾಣುತ್ತಿತ್ತು, ಬಣ್ಣ ಬರುತ್ತಿದ್ದುದು ಕ್ಯಾಸೆಟ್ಟಿನಲ್ಲಿ. ಅವರ ಕುರಿಗಳು ನಮ್ಮ ಸೀಮೆಯ ಕೆಂಪು ಕುರಿಗಳು. ಇಣುಕಿದವರೇ ಕ್ಯಾಮೆರಾ ಬಿಟ್ಟು ಹಟ್ಟಿಗೆ ಓಡಿದರು. ಒಂದು ಕುರಿಯ ಕಿವಿ ಹಿಡಿದು, ಬೆರಳಿಗೆ ಎಂಜಲು ಮಾಡಿಕೊಂಡು, ಅದರ ಬೆನ್ನು ಉಜ್ಜಿ ನೋಡಿದರು. ಇನ್ನೊಂದನ್ನೂ ಉಜ್ಜಿದರು.

ವಾಪಸು ಬಂದು, "ಬಣ್ಣ ಓಗಿಲ್ಲ. ತಗಳಿ," ಅಂದರು. ಸ್ವಲ್ಪ ಯೋಚಿಸಿ ಸೇರಿಸಿದರು, "ನಿಧಾನಕ್ಕೆ ತಗಳಿ."

ಖಾಕಿ

ಹಾಡಿನ ಕೊನೆಯಲ್ಲಿ ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಗಬೇಕು, ಮರಿ ಅದರಲ್ಲಿ ಹೋಯಿತೇನೋ ಅಂತ ನೋಡುವವರಿಗೆ ಅನ್ನಿಸಬೇಕು. ಲಾರಿ ಅಂದರೆ ಸೇಲಂ ಆಚೆಯ ಶಂಕಗಿರಿ, ಊರಿಗೆ ಊರೇ ಲಾರಿ ಸಾಕುತ್ತದೆ. ಕೋಟೆಯ ಗುಡ್ಡ ಹಿಂದೆ ಕಾಣುವ ಒಂದು ಲಾರಿ ಶೆಡ್ಡಿಗೆ ನಾನೂ ಕ್ಯಾಮೆರಾ ವಿದ್ಯಾರ್ಥಿಯೂ ಹೋದೆವು. ಧೂಳು ಬೇಕಾದಷ್ಟಿತ್ತು. ಲುಂಗಿ ಉಟ್ಟ ಡ್ರೈವರುಗಳು ಟೈರಿನ ಮೇಲೆ ಕೂತು ಇಸ್ಪೀಟು ಆಡುತ್ತಿದ್ದರು.

ಕ್ಯಾಮೆರಾ ಹೆಗಲೇರಿದ್ದೇ ತಡ, ಇಸ್ಪೀಟು ಮಾಯವಾಯಿತು. ಎರಡು ನಿಮಿಷದಲ್ಲಿ ಅಷ್ಟೂ ಡ್ರೈವರುಗಳು, ಕಾನೂನಿನ ಪ್ರಕಾರ ತೊಡಬೇಕಾದ ಖಾಕಿ ಅಂಗಿಯಲ್ಲಿ ನಿಂತಿದ್ದರು. ಒಬ್ಬ ಲುಂಗಿಯ ಮೇಲೇ ಖಾಕಿ ಹಾಕಿದ್ದ. ಇನ್ನೊಬ್ಬ ಹೆಚ್ಚು ಹೇರಿದ್ದ ಲಾರಿಯ ಮುಂದೆ ಕೈ ಚಾಚಿ, ಅದನ್ನು ಮರೆಮಾಡುವವನಂತೆ ನಿಂತ.

ಶೆಡ್ಡಿನ ಯಜಮಾನರು ಓಡಿಬಂದರು. "ಎನ್ನ ವಿಷಯಂ ಸಾರ್?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಎರಡು ಎಳನೀರು ಕೊಚ್ಚಿಸಿದರು. ಕಾಲೇಜಿನ ಹಾಡು ಅಂತ ನಾನು ಹೇಳಿದೆ. ನಕ್ಕರು. ಕುರಿಮರಿಯ ಕಥೆ ಹೇಳಿದೆ. ಇನ್ನೂ ಜೋರಾಗಿ ನಕ್ಕು, ಲಾರಿಗಳ ಕಾಗದಪತ್ರದ ಫೈಲು ತಂದು ನನ್ನ ಮಡಿಲಲ್ಲಿಟ್ಟರು.

"ಒಂದು ಲಾರಿ ಓಡಿಸಿದರೆ ಸಾಕು, ಧೂಳು ಏಳಬೇಕು," ಅಂದೆ.

"ಧೂಳೇ ಇಲ್ಲ ಸಾರ್ ನಮ್ಮಲ್ಲಿ," ಅಂದವರು ಪೈಪು ಹಿಡಿಸಿ ಅಂಗಳಕ್ಕೆಲ್ಲ ನೀರು ಹಾಕಿಸಿದರು.

ಲಾರಿಯ ಚಿತ್ರವನ್ನು ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ, ಯಾರಿಗೂ ಹೇಳದೆ ತೆಗೆದೆವು.

ಕಸದ ಬುಟ್ಟಿ

ಕ್ಯಾಮೆರಾ ವಿದ್ಯಾರ್ಥಿಯ ಅಣ್ಣ ಧರ್ಮಪುರಿಯಲ್ಲಿ ಮದುವೆ ವಿಡಿಯೋ ಸ್ಟುಡಿಯೋ ನಡೆಸುತ್ತಿದ್ದ. ಆಗಷ್ಟೇ ಬೆಂಗಳೂರಿನಿಂದ ಕಂಪ್ಯೂಟರ್ ತಂದಿದ್ದ. ಅದಕ್ಕೆ ಕುಂಕುಮ ಇಟ್ಟು, ವೆಲ್ವೆಟ್ ಹೊದಿಸಿ, ಚಪ್ಪಲಿ ಬಿಟ್ಟು ಬಂದವರಿಗೆ ಮಾತ್ರ ತೋರಿಸುತ್ತಿದ್ದ. "ಇನ್ಮೇಲೆ ಎಲ್ಲ ಡಿಜಿಟಲ್ ಸಾರ್," ಅನ್ನುತ್ತಿದ್ದ. ಶನಿವಾರ ಮಧ್ಯಾಹ್ನಗಳಲ್ಲಿ ಹಾಡು ಜೋಡಿಸುವ ಕೆಲಸ. ದನಿ ಸರಿಮಾಡಲು ಹುಡುಗಿಯೂ ಬರುತ್ತಿದ್ದಳು. ಇದನ್ನು ಅವಳ ಅಪ್ಪನಿಗೆ ನಾವ್ಯಾರೂ ಹೇಳಿರಲಿಲ್ಲ. ನಾನು ಬಾಗಿಲಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದೆ.

ಮೂರನೇ ಶನಿವಾರ ಒಂದು ಎಡವಟ್ಟು ಕಣ್ಣಿಗೆ ಬಿತ್ತು. ಹಳ್ಳಿಯಲ್ಲಿ ತೆಗೆದ ಚಿತ್ರದಲ್ಲಿ ಒಂದು ಕುರಿ ಹಿಂಡು ಬಿಟ್ಟು ಓಡಿತ್ತು. ಪೊದೆಯ ಹಿಂದೆ ನಿಂತು ಹಾಡುತ್ತಿದ್ದ ಹುಡುಗಿ ಎಲ್ಲ ಮರೆತು, ಹಾಡುತ್ತಲೇ ಅದರ ಹಿಂದೆ ಓಡಿಬಂದಿದ್ದಳು. ಆವತ್ತಿನ ಗಡಿಬಿಡಿಯಲ್ಲಿ ಕ್ಯಾಮೆರಾ ಓಡುತ್ತಲೇ ಇದ್ದುದು ನನಗೆ ಗೊತ್ತಾಗಿರಲಿಲ್ಲ. ಪೂರ್ತಿ ಮುಖ, ಎಂಟು ಸೆಕೆಂಡು.

"ಅಳಿಸು," ಅಂದೆ.

ಸ್ಟುಡಿಯೋದವನು ಗುಂಡಿ ಒತ್ತಿದ. "ಅಳಿಸ್ದೆ ಸಾರ್."

"ಎಲ್ಲಿ ಹೋಯ್ತು?"

"ಕಸದ ಬುಟ್ಟೀಲಿದೆ." ಪರದೆಯ ಮೂಲೆಯಲ್ಲಿದ್ದ ಬುಟ್ಟಿಯ ಚಿತ್ರ ಒತ್ತಿ ತೋರಿಸಿದ. ನೋಡಿದರೆ ಹಾಗೇ ಇದೆ, ಕುರಿಯೂ ಹುಡುಗಿಯೂ. ಬುಟ್ಟಿ ಖಾಲಿ ಮಾಡಿಸಿದೆ.

"ಈಗ ಎಲ್ಲಿ ಹೋಯ್ತು?"

ಅವನಿಗೆ ಸಾಕಾಗಿತ್ತು. "ಸಾರ್, ನೀವು ಕೆಮಿಸ್ಟ್ರಿ ವಾದ್ಯಾರು ತಾನೆ? ಕಾಗದ ಸುಟ್ಟರೆ ಎಲ್ಲಿ ಹೋಗುತ್ತೆ, ನೀವೇ ಹೇಳಿ."

"ಎಲ್ಲೂ ಹೋಗಲ್ಲ," ಅಂದೆ. "ಹೊಗೆಯಾಗಿ ಇಲ್ಲೇ ಇರುತ್ತೆ. ಅದೇ ನನ್ನ ಭಯ."

ಮೂಲ ಕ್ಯಾಸೆಟ್ಟನ್ನು ಯಾರ ಕೈಯಲ್ಲೂ ಬಿಡದೆ ನನ್ನ ಚೀಲಕ್ಕೆ ಹಾಕಿಕೊಂಡೆ. ಈಗ ಹಾಡಿನಲ್ಲಿ ಎಂಟು ಸೆಕೆಂಡು ಬರೀ ದನಿ, ಚಿತ್ರವಿಲ್ಲ. ಏನು ಮಾಡುವುದು ಅಂತ ಸ್ಟುಡಿಯೋದವನು ತಲೆ ಕೆರೆಯುವಾಗ ಹುಡುಗಿ, "ನಾನ್ ನೋಡ್ಲಾ ಸಾರ್?" ಅಂದಳು. ಮೂರು ಶನಿವಾರ ಪಕ್ಕದಲ್ಲಿ ಕೂತು ಎಲ್ಲವನ್ನೂ ಕಣ್ಣಲ್ಲೇ ಕಲಿತಿದ್ದಳು. ಹಿಂಡಿನ ಒಂದು ಚಿತ್ರ ಎಳೆದು, ಅದನ್ನು ಎರಡು ಮಾಡಿ, ನಾಲ್ಕು ಮಾಡಿ ಪಕ್ಕಪಕ್ಕ ಜೋಡಿಸಿದಳು. ಪರದೆಯ ತುಂಬ ಕುರಿ. ಅವಳಪ್ಪ ನಾಲ್ಕು ವರ್ಷದಲ್ಲಿ ಮಾಡಲಾಗದ್ದನ್ನು ಅವಳು ನಾಲ್ಕು ಟಕಟಕದಲ್ಲಿ ಮಾಡಿ ಮುಗಿಸಿದಳು.

ಪಾಲು

ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಬಂತು. ಊರಿನ ಕೇಬಲ್ ಟಿವಿಯವರು ಒಂದು ಭಾನುವಾರ ಹಾಡು ಹಾಕಿದರು. ಅಪ್ಪ ಟೀ ಅಂಗಡಿಯ ಮುಂದಿನ ಬೆಂಚಿನಲ್ಲಿ, ಮಡಿಲಲ್ಲಿ ಕೋಲಿಟ್ಟುಕೊಂಡು ಕೂತು ನೋಡಿದರಂತೆ. ಮಗಳ ಮುಖ ಕಾಣಲಿಲ್ಲ. ಎದ್ದು ಹೋದರಂತೆ. ಸೋಮವಾರ ಹುಡುಗಿ ಕ್ಲಾಸಿನಲ್ಲಿದ್ದಳು. ನಾನು ಉಸಿರು ಬಿಟ್ಟೆ.

ಬುಧವಾರ ನಾಲ್ಕು ಟವೆಲ್ಲುಗಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದವು. ಅಪ್ಪ, ಅಪ್ಪನ ತಮ್ಮ, ಊರಿನ ಇಬ್ಬರು ಹಿರಿಯರು.

ಅಪ್ಪನ ಮುಖ ಕಪ್ಪಿಟ್ಟಿತ್ತು. "ವಾದ್ಯಾರೆ, ನನ್ ಕುರಿ ಟಿವಿಯಾಗೆ ಎಂಗೆ ಎಚ್ಚಾದ್ವು?"

ವಿಷಯ ತಿಳಿಯಲು ಸ್ವಲ್ಪ ಹೊತ್ತಾಯಿತು. ಅಣ್ಣ ತಮ್ಮ ಮೂರು ವರ್ಷದ ಹಿಂದೆ ಹಿಂಡು ಪಾಲು ಮಾಡಿಕೊಂಡಿದ್ದರು. ಎಣಿಸುವಂತಿಲ್ಲವಲ್ಲ, ನಿನಗೊಂದು ನನಗೊಂದು ಅಂತ ಮುಖ ನೋಡಿ ಆರಿಸಿಕೊಂಡಿದ್ದರು. ಟೀ ಅಂಗಡಿಯ ಸಣ್ಣ ಟಿವಿಯಲ್ಲಿ, ಆ ಚುಕ್ಕೆಚುಕ್ಕೆಯಾಗಿ ಇರುವೆ ಓಡಾಡಿದಂತೆ ಕಾಣುವ ಚಿತ್ರದಲ್ಲಿ, ಪರದೆ ತುಂಬ ಅಣ್ಣನ ಕುರಿ ಕಂಡ ಕೂಡಲೇ ತಮ್ಮ ಪಂಚಾಯ್ತಿ ಕರೆದಿದ್ದ. "ಪಾಲು ಆಗುವಾಗ ಇವೆಲ್ಲ ಎಲ್ಲಿದ್ವು? ಗುಡ್ಡದ ಇಂದೆ ಬಚ್ಚಿಟ್ಟಿದ್ದ," ಅನ್ನುವುದು ಅವನ ದೂರು.

"ಅದು ಕಂಪ್ಯೂಟರ್ ಮಾಡಿದ್ದು," ಅಂದೆ.

"ಕಂಪ್ಯೂಟರ್ ಏನ್ ಕುರಿ ಈಯ್ತದಾ?" ಅಂದ ತಮ್ಮ.

ತೋರಿಸಿಯೇ ಬಿಡೋಣ ಅಂತ ಎಲ್ಲರನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅಪ್ಪ ಹುಡುಗಿಯನ್ನೂ ಕ್ಲಾಸಿನಿಂದ ಎಬ್ಬಿಸಿ ಕರೆತಂದರು. ನೋಡಿದರೆ ಸ್ಟುಡಿಯೋದವನು ಯಾವುದೋ ಮದುವೆ ಮುಹೂರ್ತಕ್ಕೆ ಹೋಗಿದ್ದಾನೆ. ಆವತ್ತು ಅಂಗಡಿ ಕಾಯುತ್ತಿದ್ದ ನಮ್ಮ ಕ್ಯಾಮೆರಾ ವಿದ್ಯಾರ್ಥಿಗೆ ಕ್ಯಾಮೆರಾ ಹಿಡಿಯುವುದು ಬಿಟ್ಟು ಬೇರೇನೂ ಬಾರದು.

"ಕುರಿ ಎಚ್ಚು ಮಾಡ್ದೋರು ಯಾರು?" ಅಂತ ಹಿರಿಯರೊಬ್ಬರು ಕೇಳಿದರು.

ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ, "ನಾನು," ಅಂದಳು.

ಅಪ್ಪ ನಿಧಾನಕ್ಕೆ ತಿರುಗಿದರು. ಮಗಳು ಶನಿವಾರಗಳಲ್ಲಿ ಎಲ್ಲಿದ್ದಳು ಅನ್ನುವುದು ಅವರಿಗೆ ಆ ಕ್ಷಣ ತಿಳಿಯಿತು. ಅವಳ ಕಾಲೇಜು ಇವತ್ತಿಗೆ ಮುಗಿಯಿತು ಅಂತ ನಾನು ಅಂದುಕೊಂಡೆ. ಅವಳು ಮಾತ್ರ ಚಪ್ಪಲಿ ಬಿಟ್ಟು ಒಳಗೆ ಹೋಗಿ, ವೆಲ್ವೆಟ್ ತೆಗೆದು ಕೂತಳು. ಒಂದು ಹಿಂಡು ತೋರಿಸಿದಳು. ಟಕ್ಕಂತ ಎರಡಾಯಿತು, ನಾಲ್ಕಾಯಿತು. ತಮ್ಮ ಬಗ್ಗಿ ಕಂಪ್ಯೂಟರಿನ ಹಿಂದೆ ನೋಡಿದ.

"ಚಿಕ್ಕಪ್ಪಾ, ಮೊಗ ನೋಡಿ," ಅಂದಳು ಹುಡುಗಿ.

ತಮ್ಮ ಮುಂದೆ ಬಂದು ಕಣ್ಣು ಕಿರಿದು ಮಾಡಿದ. "ಈ ಮೋಟುಕಿವಿ ಗೊತ್ತು ನಂಗೆ. ಇಲ್ಲೂ ಮೋಟುಕಿವಿ. ಇಲ್ಲೂ." ಬೆರಳು ನಾಲ್ಕು ಕಡೆ ಓಡಿತು. "ಒಂದೇ ಕುರಿ ಕಣಣ್ಣ. ನಾಕೂ ಕಡೆ ಒಂದೇ ಕಾಲ್ ಎತ್ತುತ್ತೆ."

ಹಿರಿಯರು ತಲೆ ಆಡಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಮ್ಮ ನನ್ನಂಥವನೇ, ಅನುಮಾನದ ಮನುಷ್ಯ. "ಸರಿ, ಅಂಗಾರೆ ಆ ಜಾಗ್ದಾಗೆ ಮೊದ್ಲು ಏನಿತ್ತು? ಯಾಕ್ ಮುಚ್ಚಿದ್ರಿ? ನಿಜವಾದ್ದು ತೋರ್ಸಿ," ಅಂದ.

ಹುಡುಗಿ ನನ್ನನ್ನು ನೋಡಿದಳು. ತೋರಿಸದಿದ್ದರೆ ಅಪ್ಪ ಕಳ್ಳ, ತೋರಿಸಿದರೆ ಅವಳ ಓದು ಹೋಯಿತು. ಆವತ್ತಿನಿಂದ ಕ್ಯಾಸೆಟ್ ನನ್ನ ಚೀಲದಲ್ಲೇ ಇತ್ತು, ಅದನ್ನು ಕೈಯಿಂದ ಒತ್ತಿ ಹಿಡಿದೆ. ಅವಳೇ ಬಂದು ಚೀಲದಿಂದ ಕ್ಯಾಸೆಟ್ ತೆಗೆದು, ಪಕ್ಕದ ವಿ.ಸಿ.ಆರ್.ಗೆ ಹಾಕಿದಳು.

ಕೆಂಪು ಕುರಿಯೊಂದು ಓಡಿತು. ಅದರ ಹಿಂದೆ ಹುಡುಗಿ, ಕೆದರಿದ ಕೂದಲು, ನಗು, ಪೂರ್ತಿ ಮುಖ, ಬಾಯಿ ತುಂಬ ಹಾಡು. ಎಂಟು ಸೆಕೆಂಡು ಅಷ್ಟು ಉದ್ದ ಅಂತ ನನಗೆ ಗೊತ್ತಿರಲಿಲ್ಲ. "ಇದು ಟಿವಿಯಲ್ಲಿ ಬಂದಿಲ್ಲ," ಅಂದೆ.

ಅಪ್ಪ ಪರದೆಯನ್ನೇ ನೋಡುತ್ತಿದ್ದರು. "ಇನ್ನೊಂದ್ ಸಲ ಆಕು," ಅಂದರು. ಹಾಕಿದಳು. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಒಮ್ಮೆ ತಮ್ಮನ ಕಡೆ ನೋಡಿ, ಮಗಳಿಗೆ ಹೇಳಿದರು:

"ನಾಳೆನೂ ಕಾಲೇಜಿಗೆ ಓಗು. ನಿಮ್ ಚಿಕ್ಕಪ್ಪನಂತೋರು ಇರೋ ತನ್ಕ ನಮ್ಮನೇಲಿ ಒಬ್ರಿಗಾದ್ರೂ ಈ ಕಳ್ಳಕೆಲ್ಸ ಗೊತ್ತಿರ್ಬೇಕು."