ನೀಲಾಂಬರ ಸತ್ತ ಪುಟ

"ನೀಲಾಂಬರ ಹೆಂಗ ಮಾತಾಡ್ತಾನ್ರೀ? ಅಂವ ನಾಕನೇ ಭಾಗದಾಗನ ಸತ್ತಾನಲ್ಲ!"

ಸತ್ಯವ್ವನ ಹೊಸ ಸೊಸೆ ರಾಜೇಶ್ವರಿ ಅಂದದ್ದು ಇಷ್ಟೇ. ಅದೂ ಸೂಜಿಗೆ ದಾರ ಪೋಣಿಸುತ್ತ, ನೆಲದ ಕಡೆ ನೋಡುತ್ತ, ಹೊಸ ಸೊಸೆ ಹೇಗೆ ಮಾತಾಡಬೇಕೋ ಹಾಗೆಯೇ ಅಂದಳು. ಆದರೆ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದವರ ಸೂಜಿಗಳೆಲ್ಲ ಒಮ್ಮೆಲೇ ನಿಂತವು. ಪುಸ್ತಕ ಹಿಡಿದು ಓದುತ್ತಿದ್ದ ಅನ್ನಪೂರ್ಣಾಳ ನಾಲಿಗೆ, ಬಿಸಿ ಅಂಬಲಿ ಕುಡಿದವರ ನಾಲಿಗೆಯಂತೆ, ಇದ್ದಲ್ಲೇ ಮುದುಡಿಕೊಂಡಿತು.

ಬೈಲಹೊಂಗಲದ ಆ ಓಣಿಯಲ್ಲಿ ಐದು ವರ್ಷದಿಂದ ನಡೆದುಬಂದ ರೂಢಿ ಅದು. ಮಧ್ಯಾಹ್ನ ಅರಳೆ ಜಿನ್ ಕಾರ್ಖಾನೆಯ ಸೀಟಿ ಕೂಗಿ, ಗಂಡಸರು ಉಂಡು ಹೋದ ಮೇಲೆ, ಹೆಂಗಸರು ಹಳೆಯ ಸೀರೆಯ ತುಂಡು ಹಿಡಿದುಕೊಂಡು ಅನ್ನಪೂರ್ಣಾಳ ಮನೆಗೆ ಬರುತ್ತಿದ್ದರು. ಅವರು ಕೌದಿ ಹೊಲಿಯಬೇಕು, ಅವಳು 'ಧ್ರುವನೌಕೆ' ಓದಬೇಕು. ಧ್ರುವನೌಕೆಯೆಂದರೆ ಭೂಮಿಯನ್ನು ಬಿಟ್ಟು ನಕ್ಷತ್ರಗಳ ನಡುವೆ ಅಲೆಯುವ ಒಂದು ಹಡಗಿನ ಕತೆ. ಬಸ್ ಸ್ಟ್ಯಾಂಡಿನ ಹತ್ತಿರ ಶ್ರೀಶೈಲನ ಬಾಡಿಗೆ ಪುಸ್ತಕದ ಅಂಗಡಿಗೆ ವರ್ಷಕ್ಕೊಂದು ಭಾಗ ಬರುತ್ತಿತ್ತು. ೧೯೯೮ರ ಈ ಬೇಸಿಗೆಗೆ ಆರನೆಯದು ಬಂದಿತ್ತು. ಹೊಸದು ಬರುವತನಕ ಹಳೆಯ ಭಾಗಗಳನ್ನೇ ತಿರುತಿರುಗಿ ಓದಿಸಿ ಅವರು ಜಗಳಾಡುತ್ತಿದ್ದರು.

"ಎರಡನೇ ಭಾಗದಾಗ ಆ ಗ್ರಹಕ್ಕ ಮೂರ ಚಂದ್ರ ಇದ್ದೂ. ಐದನೇದರಾಗ ಎರಡ ಅದಾವು. ಇನ್ನೊಂದ ಎಲ್ಲಿ ಹೋತು?" ಎಂದು ಶೆಟ್ಟೆವ್ವ ಹಿಡಿದುಕೊಂಡರೆ ಬಿಡುವವಳಲ್ಲ. ಅವಳು ದೊಡವಾಡದವಳು, ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಮನೆತನ.

"ಬರದಾಂವ ಮರತಿರಬೇಕು ಬಿಡವಾ," ಎಂದು ಯಾರಾದರೂ ಅಂದರೆ, "ಮರ್ಯಾಕ ಅದೇನ ಚಮಚಾನ?" ಎಂದು ತಿರುಗಿಬೀಳುತ್ತಿದ್ದಳು.

ಶೆಟ್ಟೆವ್ವನೂ ಸತ್ಯವ್ವನೂ ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಓದಲು ಬರುತ್ತಿದ್ದುದು ಅನ್ನಪೂರ್ಣಾಳಿಗೆ ಮಾತ್ರ. ಬೆಳಗಿನಿಂದ ಸಂಜೆಯವರೆಗೆ ರೊಟ್ಟಿ ದಪ್ಪಾಯಿತು, ಸಾರು ನೀರಾಯಿತು, ಎಣ್ಣೆ ಹೆಚ್ಚು ಸುರುವಿದಿ ಎಂದು ಅನ್ನಿಸಿಕೊಳ್ಳುವವಳಿಗೆ ಆ ಒಂದೂವರೆ ತಾಸು ಮಾತ್ರ ಬೇರೆಯೇ ಆಗಿತ್ತು. ಅಷ್ಟು ಹೊತ್ತು ಅವಳ ಮಾತಿಗೆ ಯಾರೂ ಅಡ್ಡ ಬರುತ್ತಿರಲಿಲ್ಲ. ಅವಳು ಉಸಿರು ಹಿಡಿದರೆ ಅವರೂ ಉಸಿರು ಹಿಡಿಯುತ್ತಿದ್ದರು. ಅವಳ ಅತ್ತೆ ತಾಯವ್ವ ಕೂಡ. ಉಗ್ರಾಣದ ಕೀಲಿಗೊಂಚಲು ಸೊಂಟಕ್ಕೆ ಸಿಗಿಸಿಕೊಂಡು, ಗೋಡೆಗೆ ಒರಗಿ, ತನ್ನ ಕೌದಿಯ ಮೇಲೆ ಕುಳಿತು, ಎಲೆ-ಅಡಿಕೆ ಜಗಿಯುತ್ತ ತಾಯವ್ವ ತುಟಿ ಪಿಟಕ್ಕೆನ್ನದೆ ಕೇಳುತ್ತಿದ್ದಳು.

ಆ ಒಂದೂವರೆ ತಾಸಿಗೇ ಈಗ ಸಂಚಕಾರ ಬಂದಿತ್ತು. ಏಕೆಂದರೆ ರಾಜೇಶ್ವರಿ ಹೇಳಿದ್ದು ನಿಜ. ನೀಲಾಂಬರ ಸತ್ತಿದ್ದ.

ಎರಡು ವರ್ಷದ ಹಿಂದೆ ನಾಲ್ಕನೆಯ ಭಾಗ ಓದುವಾಗ ಸತ್ಯವ್ವನ ಮಗ ರೇಣು ಲಾರಿ ಹೊಡೆದುಕೊಂಡು ಗುಜರಾತದ ಕಡೆ ಹೋದವನು ಎರಡು ತಿಂಗಳಾದರೂ ಸುದ್ದಿಯಿರಲಿಲ್ಲ. "ನೀಲಾಂಬರ ನಮ್ಮ ರೇಣುನಂಗ ಅದಾನವಾ," ಎನ್ನುತ್ತ ಸತ್ಯವ್ವ ದಿನಾ ಮುಂದೆ ಬಂದು ಕೂಡುತ್ತಿದ್ದಳು. ಕತೆಯಲ್ಲಿ ಹಡಗಿನ ಗಾಳಿಯ ಕೊಳವೆ ಒಡೆದಿತ್ತು. ಯಾರಾದರೂ ಹೊರಗೆ ಹೋಗಿ ಮುಚ್ಚಬೇಕು. ಹೋದವರು ತಿರುಗಿ ಬರುವುದಿಲ್ಲ. ಅನ್ನಪೂರ್ಣಾ ಪುಟ ತಿರುವಿದಳು. ಹೋದವನು ನೀಲಾಂಬರ. ತಲೆಯೆತ್ತಿದರೆ ಸತ್ಯವ್ವ ಸೂಜಿಯನ್ನು ಎದೆಗೆ ಹಿಡಿದುಕೊಂಡು ಅನ್ನಪೂರ್ಣಾಳ ಬಾಯಿಯನ್ನೇ ನೋಡುತ್ತಿದ್ದಾಳೆ. ಅದೇ ಹೊತ್ತಿಗೆ ಗೋಡೆಯ ಕಡೆಯಿಂದ ತಾಯವ್ವ, "ಒಗ್ಗರಣಿಗಿ ಇವತ್ತ ಎಷ್ಟ ಎಣ್ಣಿ ಸುರದೀಯವಾ? ಡಬ್ಬಿ ಖಾಲಿ ಆಗೈತಿ," ಎಂದಳು.

ಅನ್ನಪೂರ್ಣಾ ಏನೂ ಯೋಚಿಸಲಿಲ್ಲ. ಆ ಹಡಗಿನಲ್ಲಿ ಭಾಗೀರಥಿಬಾಯಿ ಎಂಬ ಮುದುಕಿಯೊಬ್ಬಳಿದ್ದಳು. ಗಾಳಿ ಕೋಣೆಯ ಕೀಲಿ ಅವಳ ಕೈಯಲ್ಲಿ. ಎಲ್ಲರಿಗೂ ಅಳೆದು ಅಳೆದು ಗಾಳಿ ಕೊಡುವವಳು. "ಆಗ ಭಾಗೀರಥಿಬಾಯಿ ಎದ್ದು, ನಾನು ಹೋಗುತ್ತೇನೆ ಎಂದಳು," ಎಂದು ಅನ್ನಪೂರ್ಣಾ ಓದಿಬಿಟ್ಟಳು. ಮುದುಕಿ ಹೊರಗೆ ಹೋದಳು, ಕೊಳವೆ ಮುಚ್ಚಿದಳು, ಸತ್ತಳು. ಎಲ್ಲ ಅರ್ಧ ನಿಮಿಷದಲ್ಲಿ ಮುಗಿಯಿತು. ವರ್ಷಗಟ್ಟಲೆ ಇಲ್ಲದ ಒಂದು ಹಗುರ ಅನ್ನಪೂರ್ಣಾಳ ಎದೆಯೊಳಗೆ ಸುಳಿದು ಹೋಯಿತು. ಅದಕ್ಕೆ ಅವಳು ಆಮೇಲೆ ನಾಚಿಕೊಂಡಳು. ತೀರ ಜಾಸ್ತಿಯೇನಲ್ಲ.

ಯಾರಿಂದಾದರೂ ಓದಿಸಿ ಹಿಡಿದುಬಿಟ್ಟಾರೆಂದು ಆ ಹಾಳೆಯನ್ನು ಹರಿದಳು. ಒಲೆಗೆ ಹಾಕೋಣವೆಂದರೆ ಅಕ್ಷರ ಸುಡಬಾರದು. ಮೇಲಾಗಿ ಒಲೆಯ ಮುಂದೆ ಅತ್ತೆ. ಆಗ ಅತ್ತೆಗೆಂದು ಹೊಲಿಯುತ್ತಿದ್ದ ಕೌದಿ ಮುಗಿಯುತ್ತ ಬಂದಿತ್ತು. ಕೊನೆಯ ಮೂಲೆಯಲ್ಲಿ ಹೋಳಿಗೆಯ ಒಂದು ಚೂರನ್ನು ತುತ್ತೆಂದು ಇಟ್ಟು ಹೊಲಿಯುವುದು ಅಲ್ಲಿಯ ರೂಢಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವೆಂದು ನಂಬಿಕೆ. ಹೋಳಿಗೆಯ ಜಾಗದಲ್ಲಿ ಅನ್ನಪೂರ್ಣಾ ಆ ಹಾಳೆಯನ್ನು ಎಂಟು ಮಡಿಕೆ ಮಾಡಿ ಇಟ್ಟು ಹೊಲಿದುಬಿಟ್ಟಳು. ಮರುವಾರ ರೇಣು ಮನೆಗೆ ಬಂದ. ಸತ್ಯವ್ವ ನೀಲಾಂಬರನ ಹೆಸರು ಹೇಳಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಅಲ್ಲಿಂದ ಮುಂದೆ ಐದನೆಯ ಭಾಗ, ಆರನೆಯ ಭಾಗ ಓದುವುದು ಹಗ್ಗದ ಮೇಲೆ ನಡೆದಂತಾಗಿತ್ತು. ನಾಲ್ಕನೆಯ ಭಾಗ ಮತ್ತೆ ಮನೆಗೆ ಬರದಂತೆ ನೋಡಿಕೊಳ್ಳಬೇಕು; ಭಾಗೀರಥಿಬಾಯಿಯ ಮಾತುಗಳನ್ನೆಲ್ಲ ಬೇರೆಯವರ ಬಾಯಿಗೆ ಹಾಕಬೇಕು; ಸತ್ತ ನೀಲಾಂಬರನಿಗೆ ದಿನಾ ಒಂದು ಕೆಲಸ ಹುಟ್ಟಿಸಬೇಕು.

"ಏನಂದಿ?" ಸತ್ಯವ್ವ ಸೊಸೆಯ ಕಡೆ ತಿರುಗಿದಳು. "ಬಂದ್ ತಿಂಗಳಾಗಿಲ್ಲ, ಕುಂತ್ ಮನ್ಯಾಗ ಸಾವಿನ ಮಾತ ಆಡ್ತೀಯಲ್ಲ!"

"ನಾ ಅಂದದ್ದಲ್ರೀ ಅತ್ತ್ಯಾರ, ಪುಸ್ತಕದಾಗ ಐತಿ. ಕಿತ್ತೂರಾಗ ನಾವ ಗೆಳತ್ಯಾರೆಲ್ಲ ಓದಿ ಅತ್ತೇವಿ."

"ಹಂಗಾರ ಸತ್ತಾಕಿ ಭಾಗೀರಥಿಬಾಯಿ ಅಲ್ಲನ?" ಶೆಟ್ಟೆವ್ವನ ಕಣ್ಣು, ಕಳೆದ ಚಂದ್ರ ಸಿಕ್ಕವರ ಕಣ್ಣಿನಂತೆ, ಹೊಳೆಯಿತು.

"ಭಾಗೀರಥಿಬಾಯಿ ಯಾಕ ಸಾಯ್ತಾಳ್ರೀ? ಆಕಿ ಗಟ್ಟಿಮುಟ್ಟ ಅದಾಳ. ಐದನೇ ಭಾಗ ಪೂರಾ ಆಕೀದ ಐತಿ!"

ಅನ್ನಪೂರ್ಣಾ ಗೋಡೆಯ ಕಡೆ ನೋಡಲಿಲ್ಲ. ಎಲೆ ಜಗಿಯುವ ಸಪ್ಪಳ ನಿಂತದ್ದು ಮಾತ್ರ ಕೇಳಿಸಿತು.

"ನಾಕನೇ ಭಾಗ ತರಸ್ರಿ, ಗೊತ್ತಾಗತೈತಿ," ಎಂದಳು ಶೆಟ್ಟೆವ್ವ.

"ನಾನ ತರತೇನಿ!" ಎಂದು ಅನ್ನಪೂರ್ಣಾ ಎದ್ದವಳೇ ಹೊರಬಿದ್ದಳು. ಪುಸ್ತಕ ತಂದು ಸೆರಗಿನಲ್ಲಿ ಮುಚ್ಚಿ, ಅಂಗಡಿಯಲ್ಲಿ ಇರಲಿಲ್ಲವೆಂದು ಹೇಳುವುದು ಅವಳ ಲೆಕ್ಕ. ಬಜಾರ ದಾಟುವಾಗ ಕಾಲು ಯಾಕೋ ಎಡವಟ್ಟಾಯಿತೆಂದು ನೋಡಿದರೆ ಎಡಗಾಲಲ್ಲಿ ತನ್ನ ಚಪ್ಪಲಿ, ಬಲಗಾಲಲ್ಲಿ ಅತ್ತೆಯದು.

ಅಂಗಡಿಯ ಶ್ರೀಶೈಲ ಪುಸ್ತಕ ಕೊಡುವ ಮೊದಲು ಹಾಳೆ ಎಣಿಸುವ ಮನುಷ್ಯ. ನಾಲ್ಕನೆಯ ಭಾಗ ತೆಗೆದು ನಡುವೆ ಬಿಡಿಸಿ ತೋರಿಸಿದ. "ನೋಡ್ರಿ ಅಕ್ಕಾರ, ಇಲ್ಲೊಂದ ಹಾಳಿ ಯಾರೋ ಹರದಾರ. ನಲವತ್ತ ಮನಿ ತಿರಗಿದ ಪುಸ್ತಕ, ಯಾರಂತ ಹುಡಕೂದು? ಅದಕ್ಕ ಚೀಟಿ ಅಂಟಿಸೇನಿ."

ಚೀಟಿಯಲ್ಲಿ ಗುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಇಲ್ಲಿ ಎರಡು ಪುಟ ಇರುವುದಿಲ್ಲ. ನೀಲಾಂಬರನು ಗಾಳಿಯ ಕೊಳವೆ ಮುಚ್ಚಲು ಹೋಗಿ ಮರಣ ಹೊಂದುತ್ತಾನೆ. ಭಾಗೀರಥಿಬಾಯಿ ಅಳುತ್ತಾಳೆ. ಓದುಗರು ದುಃಖ ತಡೆದುಕೊಂಡು ಮುಂದುವರಿಯಬೇಕು. ಇಂತಿ ಮಾಲಕರು.'

"ಈ ಚೀಟಿ ತಗದ ಕೊಡ್ರಿ ಶ್ರೀಶೈಲಣ್ಣ. ಕತಿ ಕೆಡತೈತಿ."

"ಯಾಕ ಕೆಡತೈತ್ರೀ?"

"ನಮ್ಮ ಓಣ್ಯಾಗ... ನೀಲಾಂಬರ ಬದಕ್ಯಾನ ಅಂತಾರ."

ಬಾಯಿಂದ ಬಿದ್ದ ಮೇಲೆ ತಿಳಿಯಿತು, ಹೇಳಬಾರದಿತ್ತೆಂದು. ಶ್ರೀಶೈಲನ ಮುಖ ಕೆಂಪಾಯಿತು. ನೀಲಾಂಬರ ಸತ್ತ ವಾರ ಮೂರು ದಿನ ಗಡ್ಡ ಬಿಟ್ಟವನು ಅವನು. "ಬದಕ್ಯಾನ? ಯಾರ ಅಂದಾರ? ಬರದಾಂವಕಿಂತ ಶ್ಯಾಣ್ಯಾರ ಇದ್ದಾರೇನ ನಿಮ್ಮ ಓಣ್ಯಾಗ?" ಎಂದವನೇ ಅಂಗಡಿಯ ಬಾಗಿಲು ಎಳೆದು, ಪುಸ್ತಕ ಬಗಲಲ್ಲಿಟ್ಟು ಸೈಕಲ್ ಹತ್ತಿದ. ಜೋಡಿಯಿಲ್ಲದ ಚಪ್ಪಲಿಯಲ್ಲಿ ಅನ್ನಪೂರ್ಣಾ ಹಿಂದೆ ಓಡಿದಳು.

ಅವಳು ಮನೆ ಮುಟ್ಟುವಷ್ಟರಲ್ಲಿ ಬಂದವನಿಗೆ ಕೂಡಲು ಕೌದಿ ಹಾಸಿ ಆಗಿತ್ತು. ಅದು ತಾಯವ್ವನದೇ. ಶ್ರೀಶೈಲ ಸರಿಯಾಗಿ ಆ ಮೂಲೆಯ ಮೇಲೆಯೇ ಕುಳಿತು ಚೀಟಿಯನ್ನು ಓದಿ ಮುಗಿಸಿದ್ದ.

"ಅದ ನೀ ಬರದ ಚೀಟಿ," ಸತ್ಯವ್ವ ಕೈ ಬೀಸಿದಳು. "ನೀ ಏನ ಕತಿ ಬರದಾಂವನೋ? ಅಚ್ಚಾದದ್ದ ತೋರಸ."

"ಅಚ್ಚಾದ ಹಾಳಿ ಹರದಾರ್ರೀ ತಾಯಿ!"

"ಹಂಗಾರ ಅದರಾಗ ಏನ ಇತ್ತಂತ ನಿನಗ ಹೆಂಗ ಗೊತ್ತು?"

"ಹರ್ಯೂದರಕಿಂತ ಮೊದಲ ನಾ ಓದೇನಿ!"

"ನಾನೂ ಓದೇನ್ರಿ," ಎಂದಳು ರಾಜೇಶ್ವರಿ ಮೆಲ್ಲಗೆ.

"ನಾವು ಇಷ್ಟ ಮಂದಿ ಕಿವಿಲೇ ಕೇಳೇವಿ," ಎಂದು ಸತ್ಯವ್ವ ಅನ್ನಪೂರ್ಣಾಳ ಕಡೆ ತಿರುಗಿದಳು. ಕಣ್ಣಲ್ಲಿ ನೀರು ನಿಂತಿತ್ತು. "ನೀ ಹೇಳ ಯವ್ವಾ. ಬದಕ್ಯಾನಿಲ್ಲ?"

ಅನ್ನಪೂರ್ಣಾ ಬಾಯಿ ತೆರೆದಳು. ಅಷ್ಟರಲ್ಲಿ ಶ್ರೀಶೈಲ ಅತ್ತಿತ್ತ ಸರಿದಾಡಿ, "ಇದೇನ್ರೀ, ತಳಗ ಏನೋ ಚುಚ್ಚಾಕ ಹತ್ತೈತಿ," ಎಂದ.

"ತುತ್ತ್ರೀ! ಕೌದಿ ತುತ್ತು ಅದು!" ಅನ್ನಪೂರ್ಣಾ ಸ್ವಲ್ಪ ಜೋರಾಗಿಯೇ ಕೂಗಿದಳು.

ರಾಜೇಶ್ವರಿ ಬಗ್ಗಿ ಮೂಲೆಯನ್ನು ಎತ್ತಿ ನೋಡಿದಳು. ಕಿತ್ತೂರಿನ ಹುಡುಗಿಯ ಕಣ್ಣು ಚುರುಕು. "ಇದನ್ನ ಬಿಚ್ಚಿ ಮತ್ತ ಹೊಲದಾರ್ರೀ. ದಾರ ಬ್ಯಾರೆ ಐತಿ."

ಶೆಟ್ಟೆವ್ವನಿಗೆ ಅಷ್ಟು ಸಾಕಾಯಿತು. ಕತ್ತರಿ ಹಿಡಿದು ಕಚ್ಚನೆ ನಾಲ್ಕು ಹೊಲಿಗೆ ಕತ್ತರಿಸಿದಳು. ಅನ್ನಪೂರ್ಣಾ ಕಂಬ ಹಿಡಿದುಕೊಂಡಳು. ಗಂಡ ವಿರೂಪಾಕ್ಷನ ಮುಖ, ತವರಿಗೆ ಹೋಗುವ ಬಸ್ಸು, ಇನ್ನೆಂದೂ ಕೂಡದ ಮಧ್ಯಾಹ್ನಗಳು, ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಶೆಟ್ಟೆವ್ವ ಎರಡು ಬೆರಳು ಹಾಕಿ ಎಳೆದಳು.

ಬಂದದ್ದು ಹೋಳಿಗೆಯ ಚೂರು. ಒಣಗಿ ಕಲ್ಲಾಗಿತ್ತು.

"ಅಯ್ಯ ಶಿವನ! ತುತ್ತ ಕಿತ್ತೀಯಲ್ಲ!" ಸತ್ಯವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. ಶೆಟ್ಟೆವ್ವ ಕಳ್ಳತನ ಮಾಡಿ ಸಿಕ್ಕವರಂತೆ ಆ ಚೂರನ್ನು ತಿರುಗಿ ತುರುಕತೊಡಗಿದಳು. ಅನ್ನಪೂರ್ಣಾ ಮಾತ್ರ ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದಳು. ಆ ಮೂಲೆಗೆ ಅವಳು ಹೋಳಿಗೆ ಇಟ್ಟೇ ಇರಲಿಲ್ಲ.

ಆಗ ತಾಯವ್ವ ಬಾಯಿಯ ಎಲೆಯನ್ನು ಉಗುಳಿ ಬಂದು ನಡುವೆ ನಿಂತಳು.

"ಸಾಕ ಮಾಡ್ರಿ. ಅಚ್ಚಿನ ಹಾಳಿ ಇಲ್ಲ. ಚೀಟಿ ಈ ತಮ್ಮ ಬರದದ್ದು. ನನ್ನ ಮನ್ಯಾಗ ಕುಂತು ನಾವೆಲ್ಲ ಏನ ಕೇಳೇವಿ ಅದ ಖರೆ. ನೀಲಾಂಬರ ಬದಕ್ಯಾನ. ಏನಂತೀಯವಾ ಹುಡುಗಿ?"

ರಾಜೇಶ್ವರಿ ತನ್ನ ಅತ್ತೆಯ ಕಣ್ಣು ನೋಡಿದಳು. "ಹೂಂನ್ರಿ. ಕಿತ್ತೂರಿನ ಪುಸ್ತಕದಾಗ ತಪ್ಪ ಅಚ್ಚಾಗಿರಬೇಕು," ಎಂದಳು. ಸತ್ಯವ್ವ ಸೊಸೆಯ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಶ್ರೀಶೈಲ ಚಹಾ ಕುಡಿದ, ಆದರೆ ಸೋಲಲಿಲ್ಲ. ಹೋಗುವ ಮೊದಲು ಕಿಸೆಯಿಂದ ಪೆನ್ನು ತೆಗೆದು ಚೀಟಿಯ ಕೆಳಗೆ ಒಂದು ಸಾಲು ಸೇರಿಸಿದ: 'ಈ ಬಗ್ಗೆ ಒಂದು ಓಣಿಯ ಅಭಿಪ್ರಾಯ ಬೇರೆ ಇರುತ್ತದೆ.'

ಎಲ್ಲರೂ ಹೋದ ಮೇಲೆ ಅನ್ನಪೂರ್ಣಾ ರೊಟ್ಟಿ ಬಡಿಯಲು ಕುಳಿತಳು. ಬದುಕಿದೆನೆಂದು ಅಂದುಕೊಳ್ಳಲು ಧೈರ್ಯ ಸಾಲದು. ಹಿಂದೆ ಕೀಲಿಗೊಂಚಲು ಸಪ್ಪಳವಾಯಿತು. ತಾಯವ್ವ ಬಂದು ಎದುರಿಗೆ ಮಣೆ ಹಾಕಿಕೊಂಡು ಕುಳಿತಳು. ಎಲೆ-ಅಡಿಕೆಯ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿನಿಂದ ಎಂಟು ಮಡಿಕೆಯ ಒಂದು ಹಾಳೆಯನ್ನು ತೆಗೆದು ಹಿಟ್ಟಿನ ಪರಾತದ ಪಕ್ಕ ಇಟ್ಟಳು.

"ಕೌದಿ ಹೊತ್ಕೊಂಡ ಮೊದಲನೇ ದಿನಾನ ಸರಬರ ಅಂತು. ಬಿಚ್ಚಿ ನೋಡಿದೆ. ಆಮ್ಯಾಲೆ ಹೋಳಗಿ ಇಟ್ಟ ಹೊಲದೆ. ಹಸದ ಕೌದಿ ಹೊತ್ಕೊಂಡ ಮಲಗೂದ ಹೆಂಗ?"

"ಅತ್ತೀ... ಯಾರ ಕಡಿಂದ ಓದಿಸಿದ್ರಿ?"

"ಯಾರ ಕಡಿಂದ ಯಾಕ? ತವರಾಗ ನಾ ನಾಕನೇ ಇಯತ್ತೆ ಮಟಾ ಸಾಲಿ ಕಲತಾಕಿ. ಈ ಮನಿಗಿ ಬಂದ ಮ್ಯಾಲೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀ ನೀರಿಗಿ ಹೋದಾಗ ಆರೂ ಭಾಗ ಓದೇನಿ. ಎಂಥಾ ಛಲೋ ಮಾತ ಆಡ್ತಾಳ ಆ ಭಾಗೀರಥಿಬಾಯಿ! ಒಂದರೆ ನಮಗ ಕೇಳಸಿದೇನ?"

ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ತಾಯವ್ವನೇ ಅದನ್ನು ತಿರುವಿ ಹಾಕಿದಳು.

"ನಾಳೆ ಆಕಿ ಹೊಳ್ಳಿ ಬರಬೇಕು. ಕೀಲಿ ಆಕಿ ಕೈಯಾಗ ಇರಬೇಕು. ಹಡಗ ನಡಸಾಕಿನೂ ಆಕೀನ."

"ಎರಡ ವರ್ಷ ಗಾಳಿ ಇಲ್ಲದ ಹೊರಗ ಇದ್ದಾಕಿ ಹೆಂಗ ಬರತಾಳ್ರೀ ಅತ್ತಿ? ಶೆಟ್ಟೆವ್ವ ಬಿಡತಾಳ?"

"ಅದ ನಿನ್ನ ಕೆಲಸ. ಹೊರಗ ಹಾಕಿದಾಕಿ ನೀನು." ತಾಯವ್ವ ಮೊಣಕಾಲು ಹಿಡಿದು ಎದ್ದಳು. "ನಾಳಿಂದ ಓದೂದರಕಿಂತ ಮೊದಲ ನನಗ ಒಂದ ಸಲ ಹೇಳಿ ಓದು."

ಅನ್ನಪೂರ್ಣಾ ಹಿಟ್ಟು ನಾದುತ್ತ ಕುಳಿತಳು. ಬರ್ಫಿನಲ್ಲಿ ಸಿಕ್ಕಿದ್ದಳೆನ್ನಲೇ? ಬೇರೆ ಹಡಗಿನವರು ಎತ್ತಿಕೊಂಡರೆನ್ನಲೇ? ಕಳೆದುಹೋದ ಮೂರನೆಯ ಚಂದ್ರನ ಮೇಲೆ ಇಳಿದಿದ್ದಳೆಂದರೆ ಶೆಟ್ಟೆವ್ವನ ಬಾಯಿಯೂ ಮುಚ್ಚೀತು. ಹಾಗೆ ಒಂದು ದಾರಿ ಕಂಡು ಅವಳು ಉಸಿರು ಬಿಡುವಷ್ಟರಲ್ಲಿ ಪಡಸಾಲೆಯಿಂದ ಅತ್ತೆಯ ದನಿ ಬಂತು.

"ಅನ್ನಪೂರ್ಣಾ, ಆ ಭಾಗೀರಥಿಬಾಯಿಗಿ ಒಬ್ಬಾಕಿ ಸೊಸಿ ಇರಲಿ. ಮುಂದಿನ ಸಲ ಕೊಳವಿ ಒಡದರ ಹೊರಗ ಹೋಗಾಕ ಯಾರರೆ ಬೇಕಲ್ಲ."